ಮಲಗಿದ ಮಗುವಿನ ನಾಡಿ

ನನ್ನ ಕುರ್ಚಿಗೆ ಈಗ ಬಂದು ಕೂತಿರುವ ಹುಡುಗಿ ಹೋದ ತಿಂಗಳು ಫೋನ್ ಮಾಡಿದ್ದಳು. "ಮೇಡಂ, ಹೊಸದಾಗಿ ಈ ಕೆಲಸಕ್ಕ ಬರೋರಿಗೆ ನಿಮ್ಮ ಅನುಭವ ಬರ್ದುಕೊಡ್ರಿ. ಓದಿದ್ರ ಹುರುಪು ಬರಬೇಕು ನೋಡ್ರಿ" ಎಂದಳು. ಹುರುಪು ನನ್ನ ಹತ್ತಿರ ಇದ್ದಿದ್ದರೆ ನಾನೇ ಬಳಸಿಕೊಳ್ಳುತ್ತಿದ್ದೆ. ಆಗುವುದಿಲ್ಲ ಎಂದೆ. ಆಮೇಲೆ, ಮೊನ್ನೆ, ಮಾಳಮ್ಮ ನಮ್ಮ ಮನೆಗೆ ಬಂದು ಹೋದಳು. ಅವಳು ಹೋದ ಮೇಲೆ ಬರೆಯಲು ಕೂತಿದ್ದೇನೆ. ಮಾಳಮ್ಮ ಯಾರೆಂದು ಮುಂದೆ ಹೇಳುತ್ತೇನೆ, ಮೊದಲು ಕೆಲಸದ ಮಾತು.

ನಾನು ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಕಿವಿ ಪರೀಕ್ಷೆ ಮಾಡುತ್ತಿದ್ದವಳು. ಬಾಗಿಲ ಮೇಲೆ ಆಡಿಯಾಲಜಿಸ್ಟ್ ಎಂದು ಬರೆದಿತ್ತು. ಅದನ್ನು ಓದಿಕೊಂಡು ಒಳಗೆ ಬಂದವರು ಯಾರೂ ಇಲ್ಲ. ಹಳ್ಳಿಯವರು ನನ್ನನ್ನು "ಕಿವಿ ಅಕ್ಕೋರು" ಎನ್ನುತ್ತಿದ್ದರು, ನನಗೂ ಅದೇ ಹೆಸರು ಗಟ್ಟಿಯಾಯಿತು. ನಾನು ಡಾಕ್ಟರಲ್ಲ, ಔಷಧಿ ಬರೆಯುವ ಅಧಿಕಾರ ನನಗಿರಲಿಲ್ಲ. ಕಿವಿ ಕೇಳಿಸುತ್ತದೆಯೋ ಇಲ್ಲವೋ, ಕೇಳಿಸಿದರೆ ಎಷ್ಟು, ಅಷ್ಟನ್ನು ನೋಡಿ ಹೇಳುವುದು ನನ್ನ ಕೆಲಸ. ಅದರಲ್ಲಿ ನೋಡುವುದು ಸುಲಭ, ಹೇಳುವುದು ಕಷ್ಟ. ನನ್ನ ಮಾತು ಕೇಳಿ ನಗುತ್ತ ಹೋದ ತಾಯಂದಿರನ್ನು ನೆನಪಿಸಿಕೊಳ್ಳಲು ಕೂತರೆ ಮುಖಗಳೇ ಬರುವುದಿಲ್ಲ. ಅತ್ತುಕೊಂಡು ಹೋದವರು ಮಾತ್ರ ಕರೆಯದಿದ್ದರೂ ಬರುತ್ತಾರೆ.

ನಾನು ಸೇರಿದಾಗ ಕೊಟ್ಟ ಕೋಣೆಗೆ ಸದ್ದಿಲ್ಲದ ಕೋಣೆ ಎಂದು ಹೆಸರು. ಅದರ ಹಿಂದಿನ ಗೋಡೆಗೇ ಆಸ್ಪತ್ರೆಯ ಜನರೇಟರ್. ರಾಜ್ಯಕ್ಕೆಲ್ಲ ಕರೆಂಟು ಮಾಡಿ ಕಳಿಸುವ ಜಿಲ್ಲೆ ನಮ್ಮದು, ನಮ್ಮ ಕೋಣೆಯಲ್ಲಿ ಮಾತ್ರ ಮಧ್ಯಾಹ್ನವಾದರೆ ಕರೆಂಟು ಇರುತ್ತಿರಲಿಲ್ಲ. ಜನರೇಟರ್ ಶುರುವಾದರೆ ನನಗೇ ಏನೂ ಕೇಳಿಸುತ್ತಿರಲಿಲ್ಲ, ಇನ್ನು ಕಿವುಡರ ಗತಿ ಏನು? ಬೇಸಿಗೆಯಲ್ಲಿ ಆ ಮುಚ್ಚಿದ ಡಬ್ಬಿಯೊಳಗೆ ಮುದುಕರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, "ಸದ್ದು ಕೇಳಿಸಿದರೆ ಬೆರಳು ಎತ್ತಿರಿ" ಎಂದರೆ, ಅವರು ಬೆರಳು ಎತ್ತುತ್ತಿದ್ದುದು ನೀರು ಕೇಳುವುದಕ್ಕೆ.

ನಮ್ಮ ವಿಭಾಗದ ದೊಡ್ಡ ಡಾಕ್ಟರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದೆವು. ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ಯಂತ್ರಗಳ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಟ್ಯೂನಿಂಗ್ ಫೋರ್ಕನ್ನು ಮೊಣಕಾಲಿಗೆ ಬಡಿದು ರೋಗಿಯ ತಲೆಗೆ ಇಟ್ಟರೆ ಅವರ ಪರೀಕ್ಷೆ ಮುಗಿಯಿತು. ಒಮ್ಮೆ ಗಿಲ್ಲೆಸುಗೂರಿನವನೊಬ್ಬ ಅಂಗವಿಕಲರ ಸರ್ಟಿಫಿಕೇಟ್ ಬೇಕೆಂದು ಬಂದ. ಎರಡೂ ಕಿವಿ ಪೂರಾ ಹೋಗಿವೆ ಎಂದು ಜೊತೆಗೆ ಬಂದವನು ಹೇಳಿದ. ಯಂತ್ರದಲ್ಲಿ ಎಷ್ಟು ಸದ್ದು ಕೊಟ್ಟರೂ ಬೆರಳು ಏಳಲಿಲ್ಲ. ಸಾಹೇಬರು ಬಾಗಿಲ ಹತ್ತಿರ ನಿಂತು, ನನ್ನ ಕಡೆ ತಿರುಗಿ, ಮೆಲ್ಲಗೆ, "ಗಿಲ್ಲೆಸುಗೂರು ಬಸ್ಸು ಹೊಂಟದ ಅಂತ ನೋಡ್ರಿ" ಎಂದರು. ಆ ಮನುಷ್ಯ ಹೆಡ್‌ಫೋನ್ ತೆಗೆಯುವುದನ್ನೂ ಮರೆತು ಎದ್ದು ನಿಂತ. ಈ ಕಥೆಯನ್ನು ನಾನು ಮದುವೆ ಮನೆಗಳಲ್ಲಿ ಹೇಳಿ ನಗಿಸಿದ್ದೇನೆ. ನಗಿಸುವಂಥದ್ದು ಇದೊಂದೇ ಇದೆ, ಅದಕ್ಕೇ ಮೊದಲು ಹೇಳಿ ಮುಗಿಸಿದೆ.

ಮಕ್ಕಳ ಪರೀಕ್ಷೆ ಬೇರೆ. ಮಗು ಬೆರಳು ಎತ್ತುವುದಿಲ್ಲ. ಮೊದಲು ನಾವು ಮಗುವಿನ ಬೆನ್ನ ಹಿಂದೆ ಗಿಲಿಕಿ ಆಡಿಸುತ್ತಿದ್ದೆವು, ಅದು ತಿರುಗಿತೋ ಇಲ್ಲವೋ ನೋಡುತ್ತಿದ್ದೆವು. ನಮಗಿಂತ ಮೊದಲೇ ತಾಯಂದಿರು ಮನೆಯಲ್ಲಿ ತಾಟು ಬಡಿದು ನೋಡಿಕೊಂಡು ಬಂದಿರುತ್ತಿದ್ದರು. ಅಂಗೈ ಹುಣ್ಣಿಗೆ ಕನ್ನಡಿ ಏಕೆ ಬೇಕು? ಆದರೂ ಬರುತ್ತಿದ್ದರು, ತಾಟು ಸುಳ್ಳು ಹೇಳಿರಬಹುದು ಎಂಬ ಆಸೆಯಿಂದ. ಮಾತು ಬಾರದ ಮಗುವಿಗೆ ಬಜಿ ಬೇರು ತೇದು ನಾಲಿಗೆಗೆ ತಿಕ್ಕುವುದು ನಮ್ಮ ಕಡೆಯ ರೂಢಿ. ದಿನಾ ತಿಕ್ಕಿ ತಿಕ್ಕಿ ಕೆಲವು ಮಕ್ಕಳ ನಾಲಿಗೆ ಕೆಂಪಗೆ ಸುಲಿದಿರುತ್ತಿತ್ತು. ತಪ್ಪು ನಾಲಿಗೆಯದಲ್ಲ ತಾಯೀ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸುಲಿಯಿತು. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂಬ ಗಾದೆಯನ್ನು ಸಾಹೇಬರು ದಿನಕ್ಕೊಮ್ಮೆ ಹೇಳುತ್ತಿದ್ದರು. ನನಗೆ ಆ ಗಾದೆ ಕಂಡರೆ ಆಗುವುದಿಲ್ಲ. ಕಿವುಡನ ಮುಂದೆ ಕೂತು ನೋಡಿದವರು ಅದನ್ನು ಹೇಳಲಾರರು.

ಆಮೇಲೆ ಯಂತ್ರಗಳು ಬಂದವು. ಒಂದು ಸಣ್ಣದು, ಅದರ ತುದಿಯನ್ನು ಮಗುವಿನ ಕಿವಿಗೆ ಇಟ್ಟರೆ ಒಳಗಿಂದ ಮರಳಿ ಬರುವ ಸದ್ದನ್ನು ಹಿಡಿದು ಪಾಸು, ಫೇಲು ಎಂದು ಹೇಳುತ್ತದೆ. ಇನ್ನೊಂದು ದೊಡ್ಡದು. ಮಗುವಿಗೆ ನಿದ್ದೆಯ ಔಷಧಿ ಕುಡಿಸಿ ಮಲಗಿಸಿ, ಹಣೆಗೂ ಕಿವಿಯ ಹಿಂದೆಯೂ ವೈರು ಅಂಟಿಸಿ, ಕಿವಿಗೆ ಟಿಕ್ ಟಿಕ್ ಸದ್ದು ಕೊಟ್ಟರೆ ನರ ಮತ್ತು ಮೆದುಳಿನ ಅಲೆಗಳು ಪರದೆಯ ಮೇಲೆ ಏಳುತ್ತವೆ. ಅಲೆ ಎದ್ದರೆ ಕೇಳಿಸುತ್ತದೆ, ಏಳದೆ ಗೆರೆ ಚಪ್ಪಟೆಯಾಗಿ ಹೋದರೆ ಇಲ್ಲ. ಈ ದೊಡ್ಡ ಯಂತ್ರ ಬಂದ ಹೊಸದರಲ್ಲಿ ಯಾಪಲದಿನ್ನಿಯ ಒಂದು ಮಗುವಿಗೆ ಗೆರೆ ಚಪ್ಪಟೆ ಬಂತು. ಪೂರಾ ಕಿವುಡು ಎಂದುಬಿಟ್ಟೆ. ತಾಯಿ ನೆಲಕ್ಕೆ ಕೂತಳು. ಅಷ್ಟರಲ್ಲಿ ಅಪ್ಪನ ಜೇಬಿನಲ್ಲಿ ಫೋನು ಬಡಿದುಕೊಂಡಿತು, ಮಗು ಬೆಚ್ಚಿ ಎದ್ದು ಅಳತೊಡಗಿತು. ನೋಡಿದರೆ ವೈರು ಒಳಗೇ ಕಡಿದಿತ್ತು. ಆ ತಂದೆ ನನಗೆ ಬೈಯಲಿಲ್ಲ, ಯಂತ್ರಕ್ಕೆ ಕೈಮುಗಿದು ಹೋದ. ಅಂದಿನಿಂದ ಗೆರೆ ಚಪ್ಪಟೆ ಬಂದಾಗಲೆಲ್ಲ ನಾನು ಮೊದಲು ವೈರು ನೋಡುತ್ತಿದ್ದೆ, ವೈರು ಕಡಿದಿರಲಿ ದೇವರೇ ಎಂದುಕೊಂಡು. ಆಮೇಲೆ ಒಮ್ಮೆಯೂ ಕಡಿದಿರಲಿಲ್ಲ.

ಕೆಲವು ಮಕ್ಕಳು ನನ್ನನ್ನು ಬಹಳ ಕಾಡಿದರು. ಸಣ್ಣ ಯಂತ್ರ ಪಾಸು ಎನ್ನುವುದು, ದೊಡ್ಡ ಯಂತ್ರದಲ್ಲಿ ಗೆರೆ ಏಳದಿರುವುದು. ಒಂದು ಯಂತ್ರ ಕಿವಿ ಸರಿಯಿದೆ ಎನ್ನುತ್ತದೆ, ಇನ್ನೊಂದು ಕೇಳಿಸುತ್ತಿಲ್ಲ ಎನ್ನುತ್ತದೆ. ಸಾಹೇಬರನ್ನು ಕೇಳಿದರೆ, "ಎರಡನ್ನೂ ಗುಜರಿಗೆ ಹಾಕ್ರಿ" ಎಂದರು. ಇದು ಅರ್ಥವಾದದ್ದು ಮೈಸೂರಿಗೆ ತರಬೇತಿಗೆ ಕಳಿಸಿದಾಗ. ಅಲ್ಲಿ ವಯಸ್ಸಾದ ಮೇಷ್ಟ್ರೊಬ್ಬರು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದರು. ಅದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಕಿವಿಯ ಒಳಗೆ ಬಸವನ ಹುಳದ ಚಿಪ್ಪಿನಂಥ ಒಂದು ಜಾಗ. ಅದರಲ್ಲಿ ಕೂದಲಿರುವ ಜೀವಕೋಶಗಳು ಸಾಲಾಗಿ ನಿಂತಿವೆ. ಹೊರಗಿನ ಸಾಲಿನವು ಸದ್ದನ್ನು ಹಿಗ್ಗಿಸಿ ಕೊಡುತ್ತವೆ. ಸಣ್ಣ ಯಂತ್ರ ಹಿಡಿಯುವುದು ಇವುಗಳ ಸದ್ದನ್ನು ಮಾತ್ರ. ಒಳಗಿನ ಸಾಲಿನ ಕೋಶಗಳದ್ದು ಬೇರೆ ಕೆಲಸ, ಅವು ಸುದ್ದಿಯನ್ನು ನರಕ್ಕೆ ಮುಟ್ಟಿಸಬೇಕು. ಸದ್ದು ಬಂದಾಗ ಕೂದಲು ಬಾಗುತ್ತದೆ, ಕೋಶದ ಒಳಗಿನ ವಿದ್ಯುತ್ತು ಬದಲಾಗುತ್ತದೆ. ಆಗ ಕೋಶದ ಬುಡದಲ್ಲಿರುವ ಸಣ್ಣ ಸಣ್ಣ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಕ್ಯಾಲ್ಸಿಯಂ ಬಂದರಷ್ಟೇ ಅಲ್ಲಿ ಕಾದು ಕೂತ ಚೀಲಗಳು ಒಡೆದು ಗ್ಲುಟಮೇಟ್ ಎಂಬ ರಸ ನರದ ಮೇಲೆ ಬೀಳುತ್ತದೆ, ನರ ಎಚ್ಚರವಾಗುತ್ತದೆ. ಸಣ್ಣ ಸದ್ದಿಗೆ ಕೆಲವೇ ಬಾಗಿಲು, ಸ್ವಲ್ಪವೇ ರಸ. ದೊಡ್ಡ ಸದ್ದಿಗೆ ಬಹಳ ಬಾಗಿಲು, ಬಹಳ ರಸ. ಇಷ್ಟೆಲ್ಲ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಆಗಿ ಮುಗಿಯುತ್ತದೆ.

ನಾನು ಮಾನ್ವಿಯವಳು, ನನಗೆ ಕಾಲುವೆಯ ತೂಬು ನೆನಪಾಯಿತು. ಕಾಲುವೆಯಲ್ಲಿ ನೀರು ಇರುತ್ತದೆ, ತೂಬು ಏಳದಿದ್ದರೆ ಹೊಲಕ್ಕೆ ಹನಿಯೂ ಬರುವುದಿಲ್ಲ. ಕಾಲುವೆಯ ಕೊನೆಯ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಷ್ಟ್ರು ಹೇಳಿದರು: ಕೆಲವು ಮಕ್ಕಳಲ್ಲಿ ಈ ಬಾಗಿಲೇ ತೆರೆಯುವುದಿಲ್ಲ, ಇನ್ನು ಕೆಲವರಲ್ಲಿ ಚೀಲ ಒಡೆಯುವುದಿಲ್ಲ. ಕೂದಲು ಬಾಗುತ್ತದೆ, ಕೋಶಕ್ಕೆ ಸದ್ದು ಬಂದದ್ದು ತಿಳಿಯುತ್ತದೆ, ಆದರೆ ತಿಳಿದದ್ದನ್ನು ನರಕ್ಕೆ ಹೇಳಲಾಗುವುದಿಲ್ಲ. ಇಂಥ ಮಕ್ಕಳಿಗೆ ಕಿವಿಯ ಮಷೀನು ಹಾಕಿ ಸದ್ದು ಹೆಚ್ಚಿಸಿದರೆ ಏನೂ ಪ್ರಯೋಜನವಿಲ್ಲ. ಆಪರೇಷನ್ ಮಾಡಿ, ತಂತಿಯನ್ನು ಒಳಗಿಟ್ಟು, ಆ ಕೋಶವನ್ನೇ ದಾಟಿ ನೇರ ನರವನ್ನು ಎಬ್ಬಿಸಿದರೆ ಚೆನ್ನಾಗಿ ಕೇಳಿಸುತ್ತದೆ. ಆದರೆ ಚಿಕ್ಕ ವಯಸ್ಸಿನಲ್ಲೇ ಆಗಬೇಕು.

ಪಾಠ ಮುಗಿಸಿ ಬೋರ್ಡು ಒರೆಸುತ್ತ ಅವರು ಇನ್ನೊಂದು ಮಾತು ಹೇಳಿದರು. ಅದೇ ಜಾತಿಯ ಕ್ಯಾಲ್ಸಿಯಂ ಬಾಗಿಲು ಹೃದಯದಲ್ಲಿಯೂ ಇದೆ, ಬಡಿತಕ್ಕೆ ತಾಳ ಹಾಕುವ ಜಾಗದಲ್ಲಿ. ಹತ್ತಿರದ ಸಂಬಂಧದಲ್ಲಿ ಮದುವೆಯಾದ ಕೆಲವು ಮನೆತನಗಳಲ್ಲಿ ಎರಡೂ ಕಡೆ ಕೆಟ್ಟಿರುವುದು ಕಂಡಿದೆ. "ಹುಟ್ಟು ಕಿವುಡು ಮಗು ಬಂದರೆ ಕೈ ಹಿಡಿದು ನಾಡಿಯನ್ನೂ ನೋಡಿ" ಎಂದರು. ಬಹಳ ಜನ ಊಟದ ಗಂಟೆಗೆ ಎದ್ದಿದ್ದರು. ನಾನು ಕೇಳಿಸಿಕೊಂಡೆ. ಕೇಳಿಸಿಕೊಳ್ಳದೆ ನಾನೂ ಊಟಕ್ಕೆ ಎದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮಾಳಮ್ಮ ಬಂದದ್ದು ಅದಾದ ಮೇಲೆ. ದೇವದುರ್ಗದ ಕಡೆಯ ಹಳ್ಳಿಯವಳು, ಕುರಿ ಕಾಯುವ ಮನೆತನ. ಮೂರು ವರ್ಷದ ಮಗಳು ಹುಲಿಗೆಮ್ಮನನ್ನು ಎತ್ತಿಕೊಂಡು ಬಂದಿದ್ದಳು. ಜೊತೆಗೆ ಒಬ್ಬ ಮುದುಕಿ. ಮಾಳಮ್ಮನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು. ಹಾಗಾಗಿ ಆ ಮುದುಕಿ ಅವಳಿಗೆ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು. ಮಗುವಿನ ನಾಲಿಗೆ ಬಜಿ ತಿಕ್ಕಿ ಸುಲಿದಿತ್ತು. ಸಣ್ಣ ಯಂತ್ರ ಪಾಸು ಎಂದಿತು. ಔಷಧಿ ಕುಡಿಸಿ ಮಲಗಿಸಿ ದೊಡ್ಡದನ್ನು ಹಚ್ಚಿದೆ. ಗೆರೆ ಏಳಲಿಲ್ಲ. ವೈರು ನೋಡಿದೆ, ಸರಿಯಾಗಿತ್ತು. ಆಗ ಮೇಷ್ಟ್ರ ಮಾತು ನೆನಪಾಗಿ ಮಲಗಿದ ಮಗುವಿನ ಕೈ ಹಿಡಿದೆ. ನಾಡಿ ಒಂದು ಬಡಿದು, ಇನ್ನೊಂದು ಬರುವುದೋ ಇಲ್ಲವೋ ಎನ್ನುವಷ್ಟು ತಡೆದು, ಮತ್ತೆ ಬಡಿಯಿತು.

ಮುದುಕಿ ನನ್ನ ಮುಖ ನೋಡಿ ಹಿಗ್ಗಿದಳು. "ನೀವೂ ನೋಡಿದಿರೇನ್ರಿ? ಆಮೀ ನಾಡಿ ಅದರೀ ಅದು. ನಮ್ಮ ವಂಶದಾಗ ಒಬ್ರಿಗೋ ಇಬ್ರಿಗೋ ಬರ್ತದ. ಓಡೋ ನಾಡಿ ಲಗೂ ದಣೀತದ, ನಿಂತು ನಿಂತು ಬಡಿಯೋದು ನೂರು ವರ್ಷ ಬಾಳ್ತದ."

"ಯಾರಿಗಿ ಬಂದಿತ್ತಬೇ ಹಿಂದ?" ಎಂದು ಕೇಳಿದೆ.

"ನನ್ನ ದೊಡ್ಡ ಮಗಗ ಬಂದಿತ್ತು. ಅವನೂ ಮೂಕನೇ ಇದ್ದ."

"ಎಲ್ಲಿದಾನ ಈಗ?"

"ಅಂವ ಸಣ್ಣಾಂವ ಇದ್ದಾಗ ಕುರಿ ಹಿಂದ ಹೋಗಿ ಮಲಗಿದ್ದ, ಏಳಲಿಲ್ಲ. ಹುಳಾ ಮುಟ್ಟಿತ್ತು ಅಂದ್ರು."

ಹಾವು ಕಚ್ಚಿದ ಗುರುತು ಮೈಮೇಲೆ ಇತ್ತೇ ಎಂದು ನಾನು ಕೇಳಲಿಲ್ಲ. ಮಾಳಮ್ಮ ಮಗುವಿನ ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ತನ್ನ ಸೆರಗಿನೊಳಗೆ ಇಟ್ಟುಕೊಂಡಳು. ಅವಳಿಗೆ ಅಂದೇ ಏನೋ ತಿಳಿದಿರಬೇಕು.

ಸಾಹೇಬರ ಹತ್ತಿರ ಹೋದೆ. "ಕಿವಿಯವರು ಕಿವಿ ನೋಡ್ರಿ. ಗುಂಡಿಗಿ ನೋಡ್ಲಿಕ್ಕೆ ಬ್ಯಾರೆಯವರು ಇದ್ದಾರ" ಎಂದರು. ಬೇರೆಯವರ ಹತ್ತಿರವೂ ಹೋದೆ. ಹೃದಯ ನೋಡುವ ಡಾಕ್ಟರು ಮಗುವನ್ನು ನೋಡಿ ನನ್ನನ್ನೇ ಕೇಳಿದರು, "ನಿದ್ದೆ ಔಷಧಿ ಕೊಟ್ಟೀರಿ ಅಲ್ಲ?" ಹೌದು ಎಂದೆ. "ಮತ್ತ ನಾಡಿ ನಿಧಾನ ಆಗದೆ ಇನ್ನೇನಾಗ್ತದ? ಎಚ್ಚರ ಆದ ಮ್ಯಾಲೆ ಕರಕೊಂಡು ಬರ್ರಿ." ಎಚ್ಚರವಾದ ಮೇಲೆ ಕರೆದುಕೊಂಡು ಹೋದರೆ ಬಿಳಿ ಕೋಟು ನೋಡಿ ಹುಲಿಗೆಮ್ಮ ಆಸ್ಪತ್ರೆ ಹಾರಿಹೋಗುವ ಹಾಗೆ ಚೀರಿದಳು. ಎದೆ ಓಡುತ್ತಿತ್ತು. "ನೋಡ್ರಿ, ಎಲ್ಲ ಸರಿ ಅದ" ಎಂದು ಕಳಿಸಿಬಿಟ್ಟರು.

ಈ ಕೆಲಸಕ್ಕೆ ಬರುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಮ್ಮ ಹತ್ತಿರ ಮಗು ಮಲಗಿರುತ್ತದೆ, ಆಗ ನಾಡಿ ನಿಧಾನವಾದರೆ ಔಷಧಿಯ ಮೇಲೆ ಹಾಕುತ್ತಾರೆ. ಅವರ ಹತ್ತಿರ ಮಗು ಅಳುತ್ತಿರುತ್ತದೆ, ಆಗ ಅಂಜಿಕೆಗೆ ನಾಡಿ ಓಡಿ ಸರಿಯಾಗಿ ಕಾಣುತ್ತದೆ. ಔಷಧಿಯಿಲ್ಲದೆ, ಅಂಜಿಕೆಯಿಲ್ಲದೆ, ತನ್ನ ಪಾಡಿಗೆ ಮಲಗಿದ ಮಗುವಿನ ನಾಡಿಯನ್ನು ನೋಡುವುದು ತಾಯಿ ಒಬ್ಬಳೇ. ಅವಳನ್ನು ಯಾರೂ ಕೇಳುವುದಿಲ್ಲ.

ಅದೇ ವರ್ಷ ಕಿವಿಯೊಳಗೆ ತಂತಿ ಇಡುವ ಆಪರೇಷನ್ನು ಬಡ ಮಕ್ಕಳಿಗೆ ಸರ್ಕಾರದಿಂದ ಪುಕ್ಕಟೆ ಆಗುತ್ತದೆ ಎಂಬ ಸುದ್ದಿ ಬಂತು. ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಮಾಳಮ್ಮನನ್ನು ಹುಡುಕಿಸಿ ಕರೆಸಿದೆ. ಹುಲಿಗೆಮ್ಮನಿಗೆ ಕೇಳಿಸುತ್ತದೆ, ಮಾತು ಬರುತ್ತದೆ ಎಂದೆ. ಇಷ್ಟು ಖಚಿತವಾಗಿ ನಾನು ಯಾರಿಗೂ ಹೇಳಿದವಳಲ್ಲ. ಮಾಳಮ್ಮ ನನ್ನ ಕಾಲಿಗೆ ಬಿದ್ದಳು. ಬೆಂಗಳೂರಿಗೆ ಕಳಿಸುವ ಚೀಟಿಯಲ್ಲಿ ಕಿವಿಯ ವಿಷಯ ಬರೆದೆ, ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಮಲಗಿದಾಗ ನಾಡಿ ಬಹಳ ನಿಧಾನ, ಆಪರೇಷನ್ನಿಗೆ ಅರಿವಳಿಕೆ ಕೊಡುವ ಮೊದಲು ಹೃದಯ ಪರೀಕ್ಷೆ ಮಾಡಿಸಬೇಕು.

ಬರೆಯಲೇಬೇಕಿತ್ತು. ಅರಿವಳಿಕೆ ಕೊಟ್ಟಾಗ ಅಂಥ ಹೃದಯ ನಿಂತುಹೋಗಬಹುದು. ತಿಳಿದವರು ಎಚ್ಚರದಿಂದ ಮಾಡಿದರೆ ಏನೂ ಆಗುವುದಿಲ್ಲ, ಬಡಿತ ಬಿದ್ದರೆ ಎತ್ತುವ ಉಪಾಯಗಳಿವೆ. ಹಾಗೆಂದೇ ಬರೆದೆ. ಆದರೆ ಆ ಸಾಲನ್ನು ಓದಿದ ಡಾಕ್ಟರಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೃದಯದವರಿಂದ ಬರೆಸಿಕೊಂಡು ಬನ್ನಿ ಎಂದರು. ಹೃದಯದವರು ಇಡೀ ರಾತ್ರಿ ಎದೆಗೆ ಯಂತ್ರ ಕಟ್ಟಿ ನೋಡಬೇಕು, ಸರದಿ ಬಂದಾಗ ಕರೆಯುತ್ತೇವೆ ಎಂದರು. ಕರೆದಾಗ ಇವರ ಕುರಿಗಳು ಯಾವ ಊರ ಹೊಲದಲ್ಲಿದ್ದವೋ, ಫೋನು ಹತ್ತಲಿಲ್ಲ. ಮತ್ತೆ ಹೊಸ ಸರದಿ. ಕಡೆಗೊಮ್ಮೆ ಯಂತ್ರ ಕಟ್ಟಿದರು, ನಿಧಾನ ಹೌದು ಎಂದರು. ಹಾಗಾದರೆ ನಾವು ಅರಿವಳಿಕೆ ಕೊಡಲಾರೆವು ಎಂದು ಮೊದಲಿನವರು ಹೇಳಿದರು. ನಾನು ಫೋನಿನಲ್ಲಿ ಕೂಗಾಡಿದೆ. ಕೈಮುಗಿದೆ. ಇನ್ನೊಂದು ಆಸ್ಪತ್ರೆಗೆ ಬರೆದೆ. ಅಷ್ಟರಲ್ಲಿ ಹುಲಿಗೆಮ್ಮನಿಗೆ ಆರು ತುಂಬಿತು.

ಆ ಒಂದು ಸಾಲು ಬರೆಯದಿದ್ದರೆ ಮಗು ಟೇಬಲ್ಲಿನ ಮೇಲೆ ಸಾಯುತ್ತಿತ್ತೋ, ಬದುಕಿ ಅವ್ವಾ ಎನ್ನುತ್ತಿತ್ತೋ ನನಗೆ ಗೊತ್ತಿಲ್ಲ. ಬರೆದಿದ್ದರಿಂದ ಏನಾಯಿತು ಎನ್ನುವುದು ಮಾತ್ರ ಗೊತ್ತು. ಮಾಳಮ್ಮ ಒಮ್ಮೆಯೂ ನನ್ನನ್ನು ದೂರಲಿಲ್ಲ, ಅದೇ ನನಗೆ ಹೆಚ್ಚು ನೋವು.

ಹುಲಿಗೆಮ್ಮ ಬೆಳೆದಳು. ಕುರಿ ಹಿಂದೆ ಹೋದಳು. ಆಗಾಗ ತಲೆ ತಿರುಗಿ ಬೀಳುತ್ತಾಳೆ ಎಂದು ಕೇಳಿದಾಗ ನಾನೇ ಮುಂದೆ ನಿಂತು ಹೃದಯದವರಿಗೆ ತೋರಿಸಿದೆ. ಅವರು ನೋಡಿಕೊಂಡಿರೋಣ ಎಂದರು, ನೋಡಿಕೊಂಡೇ ಇದ್ದಾರೆ. ವಯಸ್ಸು ತುಂಬಿದ ಮೇಲೆ ಸರ್ಟಿಫಿಕೇಟ್ ಹೊಸದು ಮಾಡಿಸಲು ಇಬ್ಬರೂ ಬಂದರು. ನನ್ನನ್ನು ಕಂಡ ಕೂಡಲೇ ಹುಲಿಗೆಮ್ಮ ತನ್ನ ಕಿವಿ ಮುಟ್ಟಿ ತೋರಿಸಿ ನಕ್ಕಳು, ಅವಳ ಭಾಷೆಯಲ್ಲಿ ಅದು ನನ್ನ ಹೆಸರು. ಮದುವೆ ಗೊತ್ತಾಗಿದೆ ಎಂದು ಮಾಳಮ್ಮ ಹೇಳಿದಳು. ವರ ಬೀರಪ್ಪ, ಮಾಳಮ್ಮನ ಸ್ವಂತ ತಮ್ಮ.

ನನಗೆ ಸಿಟ್ಟು ಬಂತು. "ಮಾಳಮ್ಮಾ, ಮತ್ತ ಸೋದರಮಾವಗ ಕೊಡ್ತೀಯಾ? ಹೊರಗ ಕೊಡು ಅಂತ ಎಷ್ಟು ಸಲ ಹೇಳಿಲ್ಲ ನಿನಗ?"

"ಹೊರಗಿನಾಂವ ಯಾಂವ ಮೂಕೀನ ಮಾಡಿಕೊಂತಾನ್ರಿ?" ಎಂದಳು. "ಮಾಡಿಕೊಂಡ್ರೂ ಬಿದ್ದಾಗ ಎತ್ತತಾನೇನು? ನನ್ನ ತಮ್ಮ ಅಂತ ಎತ್ತತಾನ. ನಿಮ್ಮವರಾಗ ಸೋದರಮಾವಗ ಕೊಡಂಗಿಲ್ಲೇನ್ರಿ?"

ಕೊಡುತ್ತೇವೆ. ನನ್ನ ಅಪ್ಪ ಮಾನ್ವಿಯಲ್ಲಿ ಗುಡಿಯ ಪೂಜೆ ಮಾಡುತ್ತಿದ್ದವರು, ನನ್ನ ಅವ್ವ ಅವರ ಅಕ್ಕನ ಮಗಳು. ನನ್ನ ಕಿವಿ, ಎದೆ ಎರಡೂ ಸರಿಯಿವೆ. ಪುಣ್ಯ ಎಂದು ಅಪ್ಪ ಹೇಳುತ್ತಿದ್ದರು, ನನ್ನ ವಿದ್ಯೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ. ಕಿವುಡಿ ಎಂದು ಹೊರಗಿನವರು ಒಲ್ಲೆನ್ನುತ್ತಾರೆ, ಅದಕ್ಕೆ ಒಳಗೇ ಕೊಡುತ್ತಾರೆ, ಒಳಗೇ ಕೊಟ್ಟಿದ್ದಕ್ಕೆ ಮತ್ತೆ ಕಿವುಡು ಹುಟ್ಟುತ್ತದೆ. ಇದನ್ನು ಎಲ್ಲಿ ಕಡಿಯಬೇಕು ಎಂದು ನಾನು ಕೆಲಸದಲ್ಲಿದ್ದಷ್ಟು ಕಾಲ ಯೋಚಿಸಿದೆ. ಕಡಿಯುವ ಜಾಗ ಸಿಗಲಿಲ್ಲ. ಅಷ್ಟರಲ್ಲಿ ಹಾರ ಹಾಕಿ, ಶಾಲು ಹೊದಿಸಿ, ನನ್ನನ್ನು ಮನೆಗೆ ಕಳಿಸಿದರು.

ಮೊನ್ನೆ ಬೆಳಿಗ್ಗೆ ದೇವದುರ್ಗದ ಬಸ್ಸಿಗೆ ತಾಯಿ ಮಗಳು ಬಂದರು. ಮಾಳಮ್ಮನ ಮಡಿಲಲ್ಲಿ ಹುಲಿಗೆಮ್ಮನ ಕೂಸು, ಹೆಣ್ಣು. ನಾನು ನೀರು ಕೊಡುವ ಮೊದಲೇ ಹೇಳಿದಳು, "ತಾಟು ಬಡಿದು ನೋಡೀನ್ರಿ. ಹೊಳ್ಳಿ ನೋಡಂಗಿಲ್ಲ." ಹುಲಿಗೆಮ್ಮ ನಮ್ಮಿಬ್ಬರ ತುಟಿಗಳನ್ನು ನೋಡುತ್ತ ಕೂತಿದ್ದಳು. ಕೂಸು ಬಸ್ಸಿನ ತೂಗಾಟಕ್ಕೆ ಒಳ್ಳೆಯ ನಿದ್ದೆಯಲ್ಲಿತ್ತು. ಔಷಧಿಯಿಲ್ಲ, ಬಿಳಿ ಕೋಟಿಲ್ಲ. ನಾನು ಅದರ ತೋಳಿನ ಒಳಬದಿಗೆ ಎರಡು ಬೆರಳು ಇಟ್ಟೆ. ಬಹಳ ಹೊತ್ತು ಇಟ್ಟುಕೊಂಡೆ, ಬೆರಳು ತಪ್ಪಿರಲಿ ಎಂದುಕೊಂಡು.

"ನಿಧಾನ ಅದ ಅಲ್ರಿ?" ಎಂದಳು ಮಾಳಮ್ಮ. "ನನಗ ಗೊತ್ತದ. ನಾ ದಿನಾ ಎದಿಮ್ಯಾಲ ಮಲಗಿಸಿಕೊಂತೀನಿ. ನಂದೂ ಇದರದೂ ಜೋಡೀಲೆ ಬಡೀತಾವ."

ಕೇಳಿದರೆ ಮುದ್ದಿನ ಮಾತಿನಂತೆ ಇದೆ. ಹಸುಗೂಸಿನ ಎದೆ ಅಜ್ಜಿಯ ಎದೆಯ ಜೊತೆ ಬಡಿಯಬಾರದು, ಅದಕ್ಕಿಂತ ಎಷ್ಟೋ ವೇಗವಾಗಿ ಓಡಬೇಕು. ನಾನು ಬೆರಳು ತೆಗೆದೆ.

"ಸೋಮವಾರ ಹೊಸಾ ಅಕ್ಕೋರ ಹಂತ್ಯಾಕ ಹೋಗ್ತೀವ್ರಿ. ಬೆಂಗಳೂರಿಗಿ ಚೀಟಿ ಕೊಡಂತ ನೀವು ಒಂದು ಮಾತು ಹೇಳ್ರಿ. ಖರೇ, ನಾಡಿ ಮಾತು ಬ್ಯಾಡ್ರಿ. ಹೇಳಾದೂ ಬ್ಯಾಡ, ಬರಿಯಾದೂ ಬ್ಯಾಡ."

"ಮಾಳಮ್ಮಾ, ಮತ್ತಿನ ಔಷಧಿ ಕೊಟ್ಟಾಗ ಗುಂಡಿಗಿ ನಿಂತ್ರ?"

"ಇಕೀದು ನಿಂತಿಲ್ಲಲ್ರಿ," ಎಂದು ಮಗಳ ಕಡೆ ಕೈ ಮಾಡಿದಳು. "ಗುಂಡಿಗಿ ಉಳಿಸಿದಿರಿ. ಏನು ಬಂತು? ಹೆರಿಗಿ ಬ್ಯಾನಿ ತಿಂದಾಗ ಎಲ್ಲಿ ನೋಯ್ತದ ಅಂತ ನರ್ಸಮ್ಮಗ ಹೇಳಾಕ ಬರಲಿಲ್ಲ ಆಕೀಗಿ. ಅಲ್ಲೇ ನಿಂತಿದ್ದೆ ನಾ."

"ಈ ಸಲ ನಾ ನಿಮ್ಮ ಜೋಡೀ ಬರ್ತೀನಿ. ಡಾಕ್ಟರ ಮುಂದ ಕೂತು ಬಿಡಿಸಿ ಹೇಳ್ತೀನಿ. ಹುಷಾರಿಲೆ ಮಾಡಿದ್ರ ಏನೂ ಆಗಂಗಿಲ್ಲ."

ಮಾಳಮ್ಮ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳುವವಳ ಹಾಗೆ ಕೇಳಿದಳು, "ಆವಾಗ ಯಾಕ ಬರಲಿಲ್ರಿ?"

ರಜೆ ಸಿಗುತ್ತಿರಲಿಲ್ಲ. ಹೊರಗೆ ಸಾಲು ಇರುತ್ತಿತ್ತು. ಬರೆದರೆ ಸಾಕು ಎಂದುಕೊಂಡಿದ್ದೆ. ಅವಳು ಕೂಸನ್ನು ನನ್ನ ಮುಂದೆ ಹಿಡಿದು, "ತಲಿ ಮುಟ್ಟಿ ಹೇಳ್ರಿ" ಎಂದಳು. ನಮ್ಮ ಕಡೆ ಮಕ್ಕಳ ತಲೆ ಮುಟ್ಟಿ ಹೇಳಿದ ಮಾತು ಮುರಿದರೆ ಅದು ಆ ಮಗುವಿಗೇ ತಟ್ಟುತ್ತದೆ ಎನ್ನುತ್ತಾರೆ. ನಾನು ಓದಿದವಳು, ಇದನ್ನೆಲ್ಲ ನಂಬುವುದಿಲ್ಲ. ಮೆತ್ತಗಿನ ನೆತ್ತಿ ಮುಟ್ಟಿ, ಹೇಳುವುದಿಲ್ಲ, ಬರೆಯುವುದಿಲ್ಲ ಎಂದೆ. ಹುಲಿಗೆಮ್ಮ ಏನು ತಿಳಿದುಕೊಂಡಳೋ, ತನ್ನ ಕಿವಿ ಮುಟ್ಟಿ ತೋರಿಸಿ ನಕ್ಕಳು.

ಅವರು ಹೋದ ಮೇಲೆ ಇಷ್ಟು ಬರೆದಿದ್ದೇನೆ.

ನನ್ನ ಕುರ್ಚಿಯಲ್ಲಿ ಕೂತಿರುವ ಮಗಳೇ, ನೀನು ಹುರುಪು ಕೇಳಿದ್ದೆ, ಕೊಡಲಾಗಲಿಲ್ಲ. ಸೋಮವಾರ ನಿನ್ನ ಹತ್ತಿರ ಅವರು ಬರುತ್ತಾರೆ. ಕೂಸಿಗೆ ಔಷಧಿ ಕುಡಿಸುವ ಮೊದಲು, ಅದು ತಾನಾಗಿ ಮಲಗುವವರೆಗೆ ಕಾದು, ಕೈ ಹಿಡಿದು ನೋಡು. ಬರೆದು ಕಳಿಸಿ ಸುಮ್ಮನಾಗಬೇಡ, ರಜೆ ಸಿಗದಿದ್ದರೂ ಅವರ ಜೊತೆ ಹೋಗು. ನಾನು ಹೇಳಿದೆ ಎಂದು ಮಾತ್ರ ಮಾಳಮ್ಮನಿಗೆ ಹೇಳಬೇಡ.